ಬರೆದ ಚಿತ್ರಕ್ಕೆ ಅತ್ತರೆ ತಪ್ಪೇ?

ಬದಿಯಡ್ಕದ ಓದುಗಿಯೊಬ್ಬರ ಪತ್ರ: "ಜಪಾನಿನ ಕಾರ್ಟೂನ್ ಸಿನಿಮಾ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ (ಮಿಣುಕುಹುಳಗಳ ಗೋರಿ) ನೋಡಿ ತುಂಬಾ ಅತ್ತೆ. ‘ಕಾರ್ಟೂನ್ ನೋಡಿ ಯಾರಾದ್ರೂ ಅಳ್ತಾರಾ?’ ಎಂದರು ಅಪ್ಪ. ಅವರು ಸುತ್ತಮುತ್ತ ಎಲ್ಲಿ ಯಕ್ಷಗಾನದ ಆಟ ಇದ್ದರೂ ಬಿಡುವವರಲ್ಲ. ಆದರೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ಆಮೇಲೆ ಎಲ್ಲರೂ ಹೊಗಳುವ ಬಂಗಾಳಿ ಸಿನಿಮಾ ‘ಪಥೇರ್ ಪಾಂಚಾಲಿ’ ಹಾಕಿದೆ. ಎರಡು ಸಲವೂ ಅರ್ಧಕ್ಕೇ ನಿಲ್ಲಿಸಿದೆ. ನನ್ನ ರುಚಿಯೇ ಸರಿಯಿಲ್ಲವೇ?"

ಪ್ರೀತಿಯ ಓದುಗರೇ,

ನಿಮ್ಮ ರುಚಿ ಸರಿಯಾಗಿಯೇ ಇದೆ. ಮೊದಲು ಅಪ್ಪನ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಉತ್ತರ ಅವರ ಹತ್ತಿರವೇ ಇದೆ.

ಹರಿಶ್ಚಂದ್ರ ಪ್ರಸಂಗ ನಡೆಯುವಾಗ ನನ್ನ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಸತ್ತ ಮಗನನ್ನು ಮಡಿಲಲ್ಲಿ ಹಾಕಿಕೊಂಡ ಚಂದ್ರಮತಿ ಒಬ್ಬ ಗಂಡಸು ಎಂದು ಅಜ್ಜಿಗೆ ಗೊತ್ತಿತ್ತು. ಆ ಲೋಹಿತಾಶ್ವ ಬೆಳಗ್ಗೆ ಎದ್ದು ಚಾ ಕುಡಿಯುತ್ತಾನೆ ಅಂತಲೂ ಗೊತ್ತಿತ್ತು. ಆದರೂ ಅತ್ತರು. ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದಲ್ಲಿ ಆಡುವುದು ಮರದ ಬೊಂಬೆ, ದಾರ ಎಳೆಯುವ ಕೈ ಮರೆಯಲ್ಲಿ. ಅಲ್ಲಿಯೂ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ, ಅಲ್ವಾ? ವೇಷಕ್ಕೆ ಅಳಬಹುದು, ಬೊಂಬೆಗೆ ಅಳಬಹುದು ಎಂದಾದರೆ ಬರೆದ ಚಿತ್ರಕ್ಕೆ ಏಕೆ ಅಳಬಾರದು?

ನೀವು ಅತ್ತ ಆ ಕಥೆ ಬರೀ ಕಲ್ಪನೆಯೂ ಅಲ್ಲ. ಅಕಿಯುಕಿ ನೊಸಾಕಾ ಎಂಬ ಲೇಖಕ ಅದನ್ನು 1967ರಲ್ಲಿ ಬರೆದರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರ ಪುಟ್ಟ ತಂಗಿ ಹೊಟ್ಟೆಗಿಲ್ಲದೆ ಸತ್ತಿದ್ದಳು. ಆ ಮಗುವಿನ ಕ್ಷಮೆ ಕೇಳಿದ ಹಾಗೆ ಬರೆದ ಕಥೆ ಅದು. ಇಸಾವೊ ತಕಹಾತಾ 1988ರಲ್ಲಿ ಅದನ್ನು ಸಿನಿಮಾ ಮಾಡಿದರು. ಪೆಪ್ಪರಮಿಂಟಿನ ಡಬ್ಬಿ ನೆನಪಿದೆಯಾ? ಮಿಠಾಯಿ ಮುಗಿದ ಮೇಲೆ ಅಣ್ಣ ಅದಕ್ಕೆ ನೀರು ಹಾಕಿ ಕುಲುಕಿ ತಂಗಿಗೆ ಕುಡಿಸುತ್ತಾನೆ. ಅವಳು ಬಾಯಿ ಚಪ್ಪರಿಸಿ ಎಲ್ಲ ಹಣ್ಣುಗಳ ರುಚಿ ಹೇಳುತ್ತಾಳೆ. ಕೊನೆಗೆ ಅದೇ ಡಬ್ಬಿಯಲ್ಲಿ ಅವಳ ಅಸ್ಥಿ. ಅದನ್ನು ನೋಡಿದ ಮೇಲೆ ನಮ್ಮ ತೋಟದ ಮಿಣುಕುಹುಳಗಳನ್ನು ನಾನು ಮೊದಲಿನ ಹಾಗೆ ನೋಡಲು ಆಗಿಲ್ಲ.

ಇನ್ನು ‘ಪಥೇರ್ ಪಾಂಚಾಲಿ’. ನಿಲ್ಲಿಸಿದ್ದಕ್ಕೆ ಬೇಸರ ಬೇಡ. ಇಪ್ಪತ್ತರ ವಯಸ್ಸಿನಲ್ಲಿ ನೋಡಿದಾಗ ನನಗೂ ಮನಸ್ಸಿನಲ್ಲಿ ಉಳಿದದ್ದು ಬಿಳಿ ಹೂವಿನ ಬಯಲು ಮತ್ತು ರೈಲು ಮಾತ್ರ. ಅಂದಹಾಗೆ, ಆ ಬಯಲಲ್ಲಿ ಒಂದು ಭಾನುವಾರ ಚಿತ್ರೀಕರಣ ಮಾಡಿ ಮುಂದಿನ ಭಾನುವಾರ ಹೋದರೆ ದನಗಳು ಹೂವನ್ನೆಲ್ಲ ತಿಂದು ಮುಗಿಸಿದ್ದವಂತೆ. ನಿರ್ದೇಶಕ ಸತ್ಯಜಿತ್ ರೇ ಮತ್ತೆ ಹೂ ಬಿಡುವ ತನಕ ಕಾದರು. ಸಿನಿಮಾ ತೆರೆಗೆ ಬಂದದ್ದು 1955ರಲ್ಲಿ.

ನಾನು ಅದನ್ನು ಎರಡನೇ ಸಲ ನೋಡಿದ್ದು ಅಜ್ಜಿ ತೀರಿಕೊಂಡ ವರ್ಷ. ಆವತ್ತು ಕಣ್ಣಿಗೆ ಬಿದ್ದವಳು ಕಥೆಯ ಮನೆಯಲ್ಲಿರುವ ಮುದುಕಿ. ಆ ಪಾತ್ರ ಮಾಡಿದ ಚುನಿಬಾಲಾ ದೇವಿಗೆ ಆಗ 80ರ ಆಸುಪಾಸು. ಮನೆ ಬಿಟ್ಟು ಹೊರಡುವ ಮೊದಲು ಅವಳು ನೀರು ಕುಡಿಯುತ್ತಾಳೆ. ಉಳಿದ ನೀರನ್ನು ಒಂದು ಗಿಡಕ್ಕೆ ಹಾಕುತ್ತಾಳೆ. ಅಷ್ಟೆ. ಮಾತಿಲ್ಲ. ನನ್ನ ಅಜ್ಜಿಯೂ ಚೊಂಬಿನ ನೀರು ಸುಮ್ನೆ ಚೆಲ್ಲಿದವರಲ್ಲ. ಮೊದಲ ಸಲ ‘ಏನೂ ನಡೆಯುತ್ತಿಲ್ಲ’ ಅನಿಸಿದ ಜಾಗದಲ್ಲೇ ಈ ಸಲ ನನಗೆ ಗಂಟಲು ಕಟ್ಟಿತು.

ನೀವು ನಿಲ್ಲಿಸಿದ್ದರಿಂದ ತಪ್ಪಿಹೋದ ಒಂದು ದೃಶ್ಯ ಕೊನೆಯ ಹೊತ್ತಿಗೆ ಬರುತ್ತದೆ. ಆ ಮನೆಯ ಹುಡುಗಿ ದುರ್ಗಾ ಕದ್ದಳು ಎಂದು ಪಕ್ಕದ ಮನೆಯವರು ದೂರಿದ್ದ ಮಣಿಸರ, ಅವಳು ಸತ್ತ ಮೇಲೆ ತಮ್ಮ ಅಪುವಿನ ಕೈಗೆ ಸಿಗುತ್ತದೆ. ಅವನು ಯಾರಿಗೂ ಹೇಳುವುದಿಲ್ಲ. ಓಡಿಹೋಗಿ ಕೆರೆಗೆ ಎಸೆಯುತ್ತಾನೆ. ಪಾಚಿ ಸರಿದು ಒಂದು ಕ್ಷಣ ನೀರು ಕಾಣುತ್ತದೆ, ಆಮೇಲೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ನಮ್ಮ ಊರಿನ ಯಾವ ಕೆರೆಗೆ ಕಲ್ಲು ಹಾಕಿದರೂ ಆಗುವುದು ಅದೇ. ರೇ ಅದನ್ನು ಕೊನೆಯವರೆಗೆ ನೋಡಲು ಬಿಡುತ್ತಾರೆ. ಈ ಸಿನಿಮಾವನ್ನು ಫೋನಿನಲ್ಲಿ ನೋಡಬೇಡಿ. ಸ್ವಲ್ಪ ದೊಡ್ಡ ಪರದೆ ಸಿಕ್ಕಿದ ದಿನ, ಬೇರೆ ಕೆಲಸ ಇಲ್ಲದ ಸಂಜೆ ಕೂರಿ. ಈಗಲೇ ಆಗಬೇಕೆಂದಿಲ್ಲ. ಐದು ವರ್ಷ ಬಿಟ್ಟು ನೋಡಿದರೂ ಸರಿ.

ಅಪ್ಪನ ಜೊತೆ ನೋಡಲು ‘ಮೈ ನೇಬರ್ ಟೊಟೊರೊ’ ಹಾಕಿ. ಇದೂ ಕಾರ್ಟೂನೇ, ಹಯಾವೊ ಮಿಯಾಝಾಕಿ ಮಾಡಿದ್ದು. ನೀವು ನೋಡಿದ ಸಿನಿಮಾ ಮತ್ತು ಇದು 1988ರ ಏಪ್ರಿಲ್‌ನಲ್ಲಿ ಒಟ್ಟಿಗೇ, ಜೋಡಿಯಾಗಿ ಬಿಡುಗಡೆಯಾದವು. ಇದರಲ್ಲಿ ಯಾರೂ ಸಾಯುವುದಿಲ್ಲ. ಅಪ್ಪ ಕೊಡೆ ಮರೆತು ಹೋಗಿದ್ದಾರೆ ಎಂದು ಇಬ್ಬರು ಹುಡುಗಿಯರು ಮಳೆಯಲ್ಲಿ ಬಸ್‌ಸ್ಟಾಪಿಗೆ ಬಂದು ಕಾಯುತ್ತಾರೆ. ಕತ್ತಲಾಗುತ್ತದೆ. ಚಿಕ್ಕವಳು ಅಕ್ಕನ ಬೆನ್ನ ಮೇಲೇ ನಿದ್ದೆ ಹೋಗುತ್ತಾಳೆ. ಪಕ್ಕದಲ್ಲಿ ತಲೆ ಮೇಲೆ ಎಲೆ ಇಟ್ಟುಕೊಂಡ ಒಂದು ದೊಡ್ಡ ಪ್ರಾಣಿ ಬಂದು ನಿಲ್ಲುತ್ತದೆ. ಮಳೆ ಮಾತ್ರ ಕೇಳಿಸುತ್ತದೆ.

ಇಂಥ ಸಿನಿಮಾಗಳಿಗೆ ಮಲಯಾಳಂ ಸಬ್‌ಟೈಟಲ್ ಸಿಗುತ್ತದೆ, ಕನ್ನಡದ್ದು ಸಿಗುವುದು ಕಷ್ಟ. ಗಡಿಯಲ್ಲಿರುವ ನಮಗೆ ಈ ನೋವು ಜಾಸ್ತಿ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಲ್ಲಿ ಹಲವರು ಮಲಯಾಳಂ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಿಮ್ಮ ಅಪ್ಪನೂ ಹಾಗೇ ಆಗಿದ್ದರೆ ಪಕ್ಕದಲ್ಲಿ ಕೂತು ನೀವೇ ಕನ್ನಡದಲ್ಲಿ ಹೇಳುತ್ತಾ ಹೋಗಿ. ಬಸ್‌ಸ್ಟಾಪಿನ ದೃಶ್ಯ ಬಂದಾಗ ಮಾತ್ರ ಸುಮ್ಮನಿರಿ.

– ಸಂಪಾದಕ