ಗಡುವು ಹಾಕಿದ್ದು ದೇವರಲ್ಲ

ಪ್ರಶ್ನೆ: ನಮ್ಮೂರು ಗುಳೇದಗುಡ್ಡ. ನಮ್ಮ ಯಜಮಾನರು ಖಣ ನೇಯುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಆ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಅಂತ ನನಗೆ ಸಿಕ್ಕ ವಾಗ್ದಾನದ ಕಾರ್ಡಿನಲ್ಲಿ ಬೈಬಲಿನ ಯೆರೆಮೀಯ 29:11 ಇತ್ತು: ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ ಅನ್ನುವ ದೇವರ ಮಾತು. ಹೊರಗಿನಿಂದ ಬಂದಿದ್ದ ಬೋಧಕರು ಅದನ್ನು ನೋಡಿ, ‘ಒಂದು ವರ್ಷದೊಳಗೆ ಮತ್ತೆ ಮಗ್ಗಕ್ಕೆ ಕೂಡ್ತಾರೆ’ ಅಂದರು. ಉಪವಾಸ ಮಾಡಿದೆ, ಅತ್ತೆ. ಈಗ ನಾನು ರಾಟಿ ತಿರುಗಿಸಿದರೆ ಅವರು ಎಡಗೈಯಲ್ಲಿ ಎಳೆ ಹಿಡಿದು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾರೆ, ಅಷ್ಟೇ. ಆ ಬೋಧಕರು ಮತ್ತೆ ಬರುತ್ತಿದ್ದಾರೆ. ಗುಳಿಗೆ ಬಿಟ್ಟು ವಿಶ್ವಾಸ ತೋರಿಸಿ, ಹತ್ತು ಸಾವಿರ ಕಾಣಿಕೆ ಇಡಿ ಅಂತ ಹೇಳಿ ಕಳಿಸಿದ್ದಾರೆ. ಕೂಟದ ಹೆಣ್ಣುಮಕ್ಕಳು ‘ನಿನ್ನ ವಿಶ್ವಾಸದಾಗ ಕೊರತಿ ಐತಿ’ ಅಂತಾರೆ. ದೇವರು ಮಾತು ತಪ್ಪಿದನೇ? ನನಗೆ ಪ್ರಾರ್ಥನೆಯೇ ಬರುತ್ತಿಲ್ಲ.

ಪ್ರಿಯ ಸಹೋದರಿ,

ಮೊದಲು ಗುಳಿಗೆ ವಿಷಯ. ಒಂದು ಹೊತ್ತೂ ತಪ್ಪಿಸಬೇಡಿ. ಒಮ್ಮೆ ಲಕ್ವಾ ಹೊಡೆದವರಿಗೆ ಅದು ಮತ್ತೆ ಬರುವ ಭಯ ಜಾಸ್ತಿ. ಬಿಪಿ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆ ಸುಮ್ನೆ ಬಿಟ್ಟುಬಿಟ್ಟರೆ ಆ ಭಯ ಇನ್ನೂ ಏರುತ್ತದೆ. ಬದಲಾಯಿಸುವುದಿದ್ದರೆ ಡಾಕ್ಟರು ಹೇಳಬೇಕು, ಬೇರೆ ಯಾರೂ ಅಲ್ಲ. ಔಷಧ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಅನ್ನುವವರಿಗೆ 2 ಅರಸುಗಳು 20ನೇ ಅಧ್ಯಾಯ ತೋರಿಸಿ. ಹಿಜ್ಕೀಯ ರಾಜನಿಗೆ ಇನ್ನೂ 15 ವರ್ಷ ಆಯುಷ್ಯ ಕೊಡುತ್ತೇನೆ ಅಂತ ದೇವರೇ ಮಾತು ಕೊಟ್ಟನು. ಆ ಮಾತು ತಂದ ಯೆಶಾಯನೇ ಅಂಜೂರದ ಹಣ್ಣಿನ ಮುದ್ದೆ ತರಿಸಿ ರಾಜನ ಹುಣ್ಣಿನ ಮೇಲೆ ಇಡಿಸಿದ. 1851ರಲ್ಲಿ ನಿಮ್ಮೂರಿಗೆ ಸುವಾರ್ತೆ ತಂದ ಬಾಸೆಲ್ ಮಿಷನ್ನಿನವರೇ ಮುಂದೆ ಗದಗ-ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿದರು.

ಇನ್ನು ಆ ಕಾರ್ಡು. ನಿಮ್ಮ ವಚನದ ಹಿಂದಿನ ವಚನವನ್ನು ಓದಿದ್ದೀರಾ? ಹತ್ತನೇ ವಚನದಲ್ಲಿ, ಬಿಡುಗಡೆಗೆ 70 ವರ್ಷ ಅಂತಿದೆ. ಬಾಬೆಲಿಗೆ ಸೆರೆಹೋದ ಜನರಿಗೆ ಯೆರೆಮೀಯ ಬರೆದ ಪತ್ರ ಅದು. ಅದಕ್ಕೂ ಮುಂಚಿನ ಅಧ್ಯಾಯದಲ್ಲಿ ಹನನ್ಯ ಅನ್ನುವವನೊಬ್ಬ ಬರುತ್ತಾನೆ. ದೇವಾಲಯದಲ್ಲಿ ಎಲ್ಲರೆದುರು ನಿಂತು, ಎರಡು ವರ್ಷದೊಳಗೆ ಬಾಬೆಲಿನ ನೊಗ ಮುರಿಯುತ್ತದೆ ಅಂತ ದೇವರ ಹೆಸರಿನಲ್ಲೇ ಹೇಳುತ್ತಾನೆ. ನೊಂದ ಜನಕ್ಕೆ ಆ ಮಾತು ಎಷ್ಟು ಹಿತವಾಗಿರಬೇಡ! ಯೆರೆಮೀಯನೂ ಮೊದಲು ‘ಆಮೆನ್, ಹಾಗೇ ಆಗಲಿ’ ಅಂದ. ಅವನಿಗೂ ಅದೇ ಬೇಕಿತ್ತು. ಆದರೆ ದೇವರು ಹಾಗೆ ಹೇಳಿರಲಿಲ್ಲ. ಗಡುವು ಹನನ್ಯನದು, ಸುಳ್ಳಾದದ್ದೂ ಅವನ ಮಾತೇ. ನಿಮ್ಮ ಕಾರ್ಡಿನಲ್ಲೂ ‘ಒಂದು ವರ್ಷ’ ಅಂತ ಎಲ್ಲೂ ಇರಲಿಲ್ಲ ಅಲ್ವಾ? ಅದನ್ನು ಸೇರಿಸಿದ್ದು ಮನುಷ್ಯ. ಆ ವರ್ಷ ಕಳೆದುಹೋದದ್ದಕ್ಕೆ ನೀವು ದೇವರ ಮೇಲೂ ಹೊರಿಸಬೇಡಿ, ನಿಮ್ಮ ಮೇಲೂ ಹೊರಿಸಿಕೊಳ್ಳಬೇಡಿ.

ಅದೇ ಪತ್ರದಲ್ಲಿ ದೇವರು ಸೆರೆಯವರಿಗೆ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ ಅನ್ನುತ್ತಾನೆ. ಬಿಡುಗಡೆ ಆಗುವ ತನಕ ಕೈಕಟ್ಟಿ ಕೂತಿರಿ ಅನ್ನಲಿಲ್ಲ. ಕಂಡಿಕೆ ಸುತ್ತುವ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಾನು ಅಲ್ಲೇ ಬಹಳ ಹೊತ್ತು ನಿಂತೆ. ಬಲಗೈಯಿಂದ ಬದುಕಿದ ನೇಕಾರ ಎಡಗೈಗೆ ಎಳೆಯ ಬಿಗಿ ಕಲಿಸಬೇಕು. ಜಾಸ್ತಿ ಎಳೆದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಕಂಡಿಕೆ ಕುಸಿಯುತ್ತದೆ. ಮಗ್ಗಕ್ಕೆ ಕೂಡಲಾಗದ ಮನುಷ್ಯ ಮಗ್ಗದ ಕೆಲಸ ಬಿಟ್ಟಿಲ್ಲ. ಇದು ವಿಶ್ವಾಸ ಅಲ್ಲದೆ ಇನ್ನೇನು?

ಕೊರತೆಯ ಮಾತು ನಿಮ್ಮನ್ನು ಎಷ್ಟು ಕೊರೆಯುತ್ತಿದೆ ಅಂತ ಗೊತ್ತಾಗುತ್ತದೆ. ಅಪೊಸ್ತಲ ಪೌಲ ತನ್ನ ಶರೀರದ ಬಾಧೆಯನ್ನು ಮುಳ್ಳು ಅಂತ ಕರೆದು, ಅದನ್ನು ತೆಗೆ ಅಂತ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು. ಸ್ನಾನಿಕ ಯೋಹಾನ ಸೆರೆಮನೆಯಿಂದ, ಬರಬೇಕಾದವನು ನೀನೋ, ಇನ್ನೊಬ್ಬನ ದಾರಿ ನೋಡಬೇಕೋ ಅಂತ ಕೇಳಿಸಿದ. ಯೇಸು ಗದರಲಿಲ್ಲ. ಜನರ ಮುಂದೆ ಅವನನ್ನು ಹೊಗಳಿದ. ಯೋಹಾನ ಆ ಸೆರೆಯಿಂದ ಜೀವಂತ ಹೊರಗೆ ಬರಲಿಲ್ಲ, ಅದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಅವನ ವಿಶ್ವಾಸ ಕಡಿಮೆಯಿತ್ತು ಅಂತ ಯೇಸು ಹೇಳಲಿಲ್ಲ.

ಪ್ರಾರ್ಥನೆ ಬರದಿದ್ದರೆ 13ನೇ ಕೀರ್ತನೆ ಓದಿ. ಎಲ್ಲಿಯ ತನಕ, ಯೆಹೋವನೇ, ಎಲ್ಲಿಯ ತನಕ ಅಂತಲೇ ಅದು ಶುರುವಾಗುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಸಿಟ್ಟಿದ್ದರೆ ಸಿಟ್ಟನ್ನೇ ಹೇಳಿ, ಕೇಳುತ್ತಾನೆ.

ಯಜಮಾನರು ಪೂರ್ತಿ ಗುಣವಾಗಲಿ ಅಂತ ನಾನೂ ಬೇಡುತ್ತೇನೆ. ದಿನ ಮಾತ್ರ ಹೇಳಲಾರೆ. ಯೇಸುವನ್ನು ಸತ್ತವರೊಳಗಿಂದ ಎಬ್ಬಿಸಿದ ದೇವರು ಆ ಬಲಗೈಯನ್ನೂ ಎಬ್ಬಿಸುತ್ತಾನೆ, ಇಲ್ಲಿ ಅಲ್ಲದಿದ್ದರೆ ಪುನರುತ್ಥಾನದಲ್ಲಿ. ಇದನ್ನು ಪೂರ್ತಿ ನಂಬಿ ಬರೆಯುತ್ತಿದ್ದೇನೆ. ಲಕ್ವಾದ ನಂತರ ಮೊದಲ ತಿಂಗಳುಗಳಲ್ಲಿ ಚೇತರಿಕೆ ಬೇಗ, ಆಮೇಲೆ ನಿಧಾನ. ಆದರೂ ವ್ಯಾಯಾಮ ಬಿಡಬಾರದು. ಆ ಹತ್ತು ಸಾವಿರವನ್ನು ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಗೆ ಖರ್ಚು ಮಾಡಿ.

ಬೋಧಕರು ಬರುವ ಮುಂಚೆಯೇ ನಿಮ್ಮ ಸಭಾಪಾಲಕರಿಗೆ ಎಲ್ಲ ಹೇಳಿಬಿಡಿ. ಗುಳಿಗೆ ಬಿಡಿ ಅಂದದ್ದು ಅವರಿಗೆ ತಿಳಿಯಲೇಬೇಕು. ಕೂಟದ ಹೆಣ್ಣುಮಕ್ಕಳಿಗೆ ಇಷ್ಟು ಕೇಳಿ: ವಾರಕ್ಕೊಬ್ಬರು ಬಂದು ಒಂದು ತಾಸು ರಾಟಿ ತಿರುಗಿಸಿ, ನಾನು ಅಷ್ಟೊತ್ತು ಮಲಗುತ್ತೇನೆ.