ಆಸ್ಪತ್ರೆಯ ತರಬೇತಿ ಕಡಿಮೆ ತೂಕದ್ದೇ?

ಪ್ರಶ್ನೆ: ರೇಡಿಯಾಲಜಿ ತಂತ್ರಜ್ಞಳಾಗಬೇಕೆಂಬುದು ನನ್ನ ಆಸೆ. ಆಸ್ಪತ್ರೆಯೊಂದು ತಾನೇ ನಡೆಸುವ ಎರಡು ವರ್ಷಗಳ ತರಬೇತಿಗೆ ಆಯ್ಕೆಯಾಗಿದ್ದೇನೆ. ಕಾಲೇಜಿನಲ್ಲಿ ಓದಿದವರ ಮುಂದೆ ಇದಕ್ಕೆ ಬೆಲೆಯಿಲ್ಲವೆಂದು ಕೆಲವರು ಹೇಳುತ್ತಾರೆ. ವಿಕಿರಣದ ಭಯದಿಂದ ಮನೆಯವರೂ ಹಿಂಜರಿಯುತ್ತಿದ್ದಾರೆ. ಸೇರಬಹುದೇ?

ಉತ್ತರ: ಸೇರಬಹುದು, ಆದರೆ ಆ ತರಬೇತಿ ಮುಗಿಸಿದವರಿಗೆ ನೀವು ಕೆಲಸ ಮಾಡಬೇಕೆಂದಿರುವ ಕಡೆ ನೋಂದಣಿ ಅಥವಾ ಪರವಾನಗಿ ಸಿಗುತ್ತದೆಯೇ ಎಂಬುದನ್ನು ಮೊದಲು ಲಿಖಿತವಾಗಿ ಖಚಿತಪಡಿಸಿಕೊಳ್ಳಿ. ಮುಂದೆ ಪದವಿ ಓದುವ ಯೋಚನೆಯಿದ್ದರೆ ಈ ಎರಡು ವರ್ಷಗಳನ್ನು ಪರಿಗಣಿಸುತ್ತಾರೆಯೇ ಎಂದೂ ಕೇಳಿ. ಇವೆರಡು ಸರಿಯಿದ್ದರೆ ಉಳಿದ ಮಾತಿಗೆ ಹೆಚ್ಚು ಕಿವಿಗೊಡಬೇಕಾಗಿಲ್ಲ.

ಏಕೆಂದರೆ ಇದು ಕೈಯಿಂದ ಕಲಿಯುವ ವಿದ್ಯೆ. ಎದೆಯ ಎಕ್ಸ್‌ರೇಯನ್ನೇ ನೋಡಿ: ರೋಗಿಯ ಎದೆಯನ್ನು ಡಿಟೆಕ್ಟರ್‌ಗೆ (ಚಿತ್ರ ಹಿಡಿಯುವ ಫಲಕ) ಒತ್ತಿ ನಿಲ್ಲಿಸಿ, ಗದ್ದ ಎತ್ತಿಸಿ, ಹೆಗಲಿನ ಮೂಳೆಗಳು ಶ್ವಾಸಕೋಶದ ಮೇಲೆ ಬೀಳದಂತೆ ಭುಜಗಳನ್ನು ಮುಂದಕ್ಕೆ ತಿರುಗಿಸಿ, ಹೃದಯದ ನೆರಳು ಇರುವುದಕ್ಕಿಂತ ದೊಡ್ಡದಾಗಿ ಕಾಣದಿರಲೆಂದು ಕಿರಣ ಹೊಮ್ಮಿಸುವ ಟ್ಯೂಬನ್ನು ಸುಮಾರು 180 ಸೆಂ.ಮೀ. ದೂರದಲ್ಲಿರಿಸಿ, ಅವರು ಉಸಿರನ್ನು ಪೂರ್ತಿ ಎಳೆದು ಹಿಡಿದ ಕ್ಷಣದಲ್ಲೇ ಗುಂಡಿ ಒತ್ತಬೇಕು. ಪುಸ್ತಕದಲ್ಲಿ ಇದು ಅರ್ಧ ಪುಟ. ಕೆಮ್ಮುತ್ತಿರುವ, ನಿಲ್ಲಲಾಗದ ವೃದ್ಧರೊಬ್ಬರು ಎದುರಿಗೆ ಬಂದಾಗ ಆ ಅರ್ಧ ಪುಟ ಸಾಲುವುದಿಲ್ಲ. ಹಾಗೆಂದು ಭೌತಶಾಸ್ತ್ರ, ಅಂಗರಚನೆಗಳ ಪಾಠಕ್ಕೆ ನಿಗದಿತ ಸಮಯವನ್ನೇ ಕೊಡದ ಆಸ್ಪತ್ರೆಗೆ ಬೇಕಿರುವುದು ವಿದ್ಯಾರ್ಥಿಯಲ್ಲ, ಅಗ್ಗದ ಕೆಲಸಗಾರ. ಕಿಲೋವೋಲ್ಟ್, ಅಂದರೆ ಟ್ಯೂಬಿಗೆ ಕೊಡುವ ವಿದ್ಯುತ್ ಒತ್ತಡ, ಏರಿಸಿದರೆ ಚಿತ್ರದ ಕಪ್ಪು-ಬಿಳುಪಿನ ಅಂತರ ಏಕೆ ತಗ್ಗುತ್ತದೆಂದು ತಿಳಿಯದವರು ಗುಂಡಿ ಒತ್ತುವವರಾಗಿಯೇ ಉಳಿಯುತ್ತಾರೆ.

ಇನ್ನು ಭಯದ ಮಾತು. ಎಕ್ಸ್‌ರೇ ಯಂತ್ರ ವಿಕಿರಣ ಸೂಸುವುದು ಗುಂಡಿ ಒತ್ತಿದ ಆ ಕ್ಷಣದಲ್ಲಿ ಮಾತ್ರ. ಅನಂತರ ಕೋಣೆಯಲ್ಲಿ ಏನೂ ಉಳಿಯುವುದಿಲ್ಲ. ಆ ಕ್ಷಣದಲ್ಲೂ ಸಿಬ್ಬಂದಿಯನ್ನು ಮುಟ್ಟಬಹುದಾದದ್ದು ಮುಖ್ಯವಾಗಿ ರೋಗಿಯ ದೇಹದಿಂದ ಚದುರಿ ಬರುವ ಕಿರಣ. ನೀವು ತಡೆಗೋಡೆಯ ಹಿಂದಿರುತ್ತೀರಿ. ವಾರ್ಡಿನಲ್ಲಿ ಸಂಚಾರಿ ಯಂತ್ರ ಬಳಸುವಾಗ ಸೀಸದ ಏಪ್ರನ್ ಜೊತೆಗೆ ದೂರವೂ ರಕ್ಷಣೆಯೇ: ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಪ್ರಮಾಣ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ವೃತ್ತಿನಿರತರಿಗೆ ಸೂಚಿಸಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗುಲುವ ವಿಕಿರಣದ ಅಳತೆ). ಯಾವ ವರ್ಷವೂ 50 ದಾಟಬಾರದು. ತಗುಲಿದ ವಿಕಿರಣವನ್ನು ಅಳೆಯುವ, ನಿಮ್ಮ ಹೆಸರಿನದೇ ಬ್ಯಾಡ್ಜ್ ಕೊಡುತ್ತಾರೆಯೇ, ಅದರ ವರದಿಯನ್ನು ನಿಮಗೆ ತೋರಿಸುತ್ತಾರೆಯೇ ಎಂದು ವಿಚಾರಿಸಿ. ಎಕ್ಸ್‌ರೇ ತೆಗೆಯುವಾಗ ಅಳುವ ಮಗುವನ್ನು ಹಿಡಿದುಕೊಳ್ಳಲು ಪ್ರತಿಸಲವೂ ವಿದ್ಯಾರ್ಥಿಯನ್ನೇ ಕರೆಯುವ ಅಭ್ಯಾಸವಿದ್ದರೆ ಅದು ತಪ್ಪು.

ಸೇರುವ ಮುನ್ನ ಈಗ ಅಲ್ಲಿ ಕಲಿಯುತ್ತಿರುವ ಒಬ್ಬರನ್ನು ಕಂಡು ಇಷ್ಟು ಕೇಳಿ: ಚಿತ್ರ ಕೆಟ್ಟು ಮತ್ತೊಮ್ಮೆ ತೆಗೆಯಬೇಕಾದಾಗ ಅರ್ಹ ತಂತ್ರಜ್ಞರು ಪಕ್ಕದಲ್ಲಿ ಬಂದು ನಿಲ್ಲುತ್ತಾರೆಯೇ, ಇಲ್ಲವೇ 'ನೀನೇ ತೆಗೆ' ಎಂದು ಚಹಾಕ್ಕೆ ಹೋಗುತ್ತಾರೆಯೇ?