ಶೆವಾಲ್ ಬ್ಲಾಂ ವೈನಿನ ಗುಣ ಬೇರೆಯೇಕೆ?

ಪ್ರಶ್ನೆ: ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನ್‌ಗಳಲ್ಲಿ ಕ್ಯಾಬರ್ನೆ ಸೊವಿನ್ಯೋಂ ಇಲ್ಲವೇ ಮೆರ್ಲೋ ದ್ರಾಕ್ಷಿಯದೇ ಮೇಲುಗೈ ಎಂದು ಓದಿದ್ದೇನೆ. ಅಲ್ಲಿನ ಶಾತೊ ಶೆವಾಲ್ ಬ್ಲಾಂ ಎಂಬ ದ್ರಾಕ್ಷಿತೋಟದ ವೈನು ಇದಕ್ಕೆ ಹೊರತು ಎನ್ನುತ್ತಾರೆ. ಅದರ ವೈಶಿಷ್ಟ್ಯವೇನು? ಅಷ್ಟು ಹೆಸರಾದ ತೋಟ ಅಧಿಕೃತ ಶ್ರೇಣಿಪಟ್ಟಿಯಿಂದ ಹೊರಬಂದದ್ದೇಕೆ?

ಉತ್ತರ: ಶೆವಾಲ್ ಬ್ಲಾಂ ತೋಟದ ಅರ್ಧಕ್ಕಿಂತ ತುಸು ಹೆಚ್ಚು ಭಾಗದಲ್ಲಿ ಬೆಳೆಯುವುದು ಕ್ಯಾಬರ್ನೆ ಫ್ರಾಂಕ್ ಎಂಬ ಇನ್ನೊಂದು ದ್ರಾಕ್ಷಿ ತಳಿ, ಉಳಿದುದರಲ್ಲಿ ಹೆಚ್ಚಿನದು ಮೆರ್ಲೋ. ಬೋರ್ಡೋದ ಬೇರೆಡೆ ಕ್ಯಾಬರ್ನೆ ಫ್ರಾಂಕ್‌ನದು ಸಾಮಾನ್ಯವಾಗಿ ಪೋಷಕ ಪಾತ್ರವಷ್ಟೆ. ಸರಿಯಾಗಿ ಮಾಗದಿದ್ದರೆ ಅದರ ರಸದಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಉಳಿದುಬಿಡುತ್ತದೆ. ಆದ್ದರಿಂದಲೇ ಅದನ್ನು ನೆಚ್ಚಿಕೊಳ್ಳಲು ಬೆಳೆಗಾರರು ಹಿಂಜರಿಯುತ್ತಾರೆ.

ಇಲ್ಲಿ ಅದು ಒಗ್ಗಿಕೊಂಡದ್ದು ಮಣ್ಣಿನಿಂದ. ಸುಮಾರು 39 ಹೆಕ್ಟೇರಿನ ಈ ತೋಟ ಸೇಂತ್ ಎಮಿಲಿಯೋಂ ಸೀಮೆಗೆ ಸೇರಿದ್ದರೂ ಇರುವುದು ಅದರ ವಾಯವ್ಯ ಅಂಚಿನಲ್ಲಿ, ಪಕ್ಕದ ವೈನ್ ಸೀಮೆಯಾದ ಪೊಮರೋಲ್‌ಗೆ ತಾಗಿಕೊಂಡು. ಸೇಂತ್ ಎಮಿಲಿಯೋಂನ ಪ್ರಸಿದ್ಧ ಸುಣ್ಣಕಲ್ಲಿನ ದಿಣ್ಣೆ ಇಲ್ಲಿಲ್ಲ. ಜಲ್ಲಿ ಮತ್ತು ಜೇಡಿ ಮಣ್ಣು ಒಂದರ ಪಕ್ಕ ಒಂದು ಹಾಸಿಕೊಂಡಿವೆ. ಒಂದೊಂದು ತುಂಡು ಭೂಮಿಯ ಹಣ್ಣೂ ಬೇರೆ ಗುಣದ್ದಾಗಿರುವುದರಿಂದ ಅವನ್ನು ಬೇರೆಬೇರೆಯಾಗಿಯೇ ಹುದುಗಿಸುತ್ತಾರೆ. ವಾಸ್ತುಶಿಲ್ಪಿ ಕ್ರಿಸ್ತಿಯಾಂ ದ ಪೋರ್ಟ್ಜಾಂಪಾರ್ಕ್ ವಿನ್ಯಾಸಗೊಳಿಸಿ 2011ರಲ್ಲಿ ಆರಂಭವಾದ ಹೊಸ ಕಟ್ಟಡದಲ್ಲಿ ಬೇರೆಬೇರೆ ಗಾತ್ರದ 52 ಕಾಂಕ್ರೀಟ್ ತೊಟ್ಟಿಗಳಿರುವುದು ಈ ಕಾರಣಕ್ಕೆ.

ಲೋಟದಲ್ಲಿ ಮೊದಲು ಗಮನ ಸೆಳೆಯುವುದು ನೇರಳೆ ಹೂವಿನ ಮತ್ತು ರಾಸ್ಪ್‌ಬೆರಿಯ ಪರಿಮಳ. ಆಮೇಲೆ ರೇಷ್ಮೆಯಂಥ ನಯ. ಎಳೆಯದಾಗಿದ್ದಾಗಲೂ ನಾಲಿಗೆಯನ್ನು ಒಗರಿನಿಂದ ಬಿಗಿಯದೆ, ಅದೇ ವೈನು ದಶಕಗಟ್ಟಲೆ ಬಾಳುತ್ತದೆ ಎಂಬುದೇ ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಹಿರಿಮೆ.

ಆದರೂ ಇದರ ಅತಿ ಖ್ಯಾತ ವರ್ಷ ಈ ಮಾದರಿಗೆ ಒಪ್ಪುವಂಥದ್ದಲ್ಲ. 1947ರ ಬಿರುಬೇಸಿಗೆಯಲ್ಲಿ ಹಣ್ಣು ವಿಪರೀತ ಮಾಗಿ, ಉಷ್ಣತೆ ನಿಯಂತ್ರಿಸುವ ಸೌಕರ್ಯವಿಲ್ಲದ ಆ ಕಾಲದಲ್ಲಿ ಹುದುಗುವಿಕೆ ನಡುವೆಯೇ ತಡವರಿಸಿತು. ಫಲವಾಗಿ ಮದ್ಯಸಾರ ಶೇ 14ನ್ನು ದಾಟಿತು, ಸ್ವಲ್ಪ ಸಕ್ಕರೆ ಹಾಗೆಯೇ ಉಳಿಯಿತು, ವಿನೆಗರ್ ಮಾದರಿಯ ಆಮ್ಲವೂ ಏರಿತು. ಇಂದಿನ ಪ್ರಯೋಗಾಲಯದ ಅಳತೆಗೋಲಿನಲ್ಲಿ ಇದು ದೋಷಪೂರಿತ ವೈನು; ರುಚಿ ಬಲ್ಲವರು ಮಾತ್ರ ಇದನ್ನು ಶತಮಾನದ ಶ್ರೇಷ್ಠ ವೈನ್‌ಗಳಲ್ಲಿ ಒಂದೆಂದು ಎಣಿಸುತ್ತಾರೆ. ಅದರ ಆರು ಲೀಟರಿನ ಒಂದು ಬಾಟಲಿ 2010ರಲ್ಲಿ ಜಿನೀವಾದ ಹರಾಜಿನಲ್ಲಿ ಮೂರು ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹೋಯಿತು.

ಇನ್ನು ಶ್ರೇಣಿಯ ವಿಚಾರ. ಬೋರ್ಡೋ ವೈನ್‌ಗಳ 1855ರ ಪ್ರಸಿದ್ಧ ಶ್ರೇಣಿಪಟ್ಟಿಯಲ್ಲಿ ಸೇಂತ್ ಎಮಿಲಿಯೋಂ ತೋಟಗಳಿಗೆ ಜಾಗವೇ ಇರಲಿಲ್ಲ. ಆ ಸೀಮೆಗೆ ಪ್ರತ್ಯೇಕ ಪಟ್ಟಿ ಬಂದದ್ದು 1955ರಲ್ಲಿ. ಅಂದಿನಿಂದಲೂ ಶೆವಾಲ್ ಬ್ಲಾಂ ಅದರ ಅಗ್ರಸ್ಥಾನದಲ್ಲಿತ್ತು. ಮಣ್ಣು ಮತ್ತು ರುಚಿಗಿಂತ ಪ್ರಚಾರ, ಪ್ರವಾಸೋದ್ಯಮದಂಥ ಸಂಗತಿಗಳಿಗೆ ಅಂಕ ಸಲ್ಲುತ್ತಿದೆ ಎಂಬ ಆಕ್ಷೇಪದಿಂದ 2021ರಲ್ಲಿ ಈ ತೋಟ ಮತ್ತು ಅದೇ ಸೀಮೆಯ ಶಾತೊ ಓಸೋನ್ ಎಂಬ ತೋಟ ಎರಡೂ 2022ರ ಪಟ್ಟಿಗೆ ಅರ್ಜಿ ಹಾಕದೆ ಹಿಂದೆ ಸರಿದವು. ಆ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೆ ಬಡ್ತಿ ಪಡೆದದ್ದು ನೆರೆಯ ಫಿಜಾಕ್. 1830ರ ದಶಕದಲ್ಲಿ ಶೆವಾಲ್ ಬ್ಲಾಂನ ಭೂಮಿ ಒಡೆದು ಬಂದದ್ದು ಅದೇ ಎಸ್ಟೇಟಿನಿಂದ! 2022 ಮತ್ತು ಆ ನಂತರದ ಬಾಟಲಿಗಳಲ್ಲಿ ಶ್ರೇಣಿಯ ಹೆಸರು ಕಾಣದಿದ್ದರೆ ಗುಣಮಟ್ಟ ಕುಸಿದಿದೆ ಎಂದು ಭಾವಿಸಬೇಕಾಗಿಲ್ಲ.